ಘಟ್ಟ ದಾಟದ ಸವಾರ

ಅಟ್-ಬಾಶಿ, 3 ಮಾರ್ಚ್ 2014

ಓಮುರ್ಕಾನ್ ಅಗಾಯ್ ಅವರಿಗೆ,

ನನ್ನ ಹೆಸರು ಪೆರಿಜಾತ್. ನೀವು ನನ್ನನ್ನು ಕಂಡವರಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ಅಲ್ಲಿಂದೀಚೆಗೆ ಯಾರನ್ನೂ 'ಅಗಾಯ್' ಎಂದು ಕರೆದಿರಲಿಲ್ಲ, ಅದು ಮೇಷ್ಟ್ರುಗಳನ್ನು ಕರೆಯುವ ಮಾತು. ಪುಸ್ತಕ ಬರೆಯುವವರನ್ನೂ ಹಾಗೇ ಕರೆಯಬೇಕಂತೆ. ಕರೆದಿದ್ದೇನೆ. ಮರ್ಯಾದೆಯ ಭಾಗ ಇಲ್ಲಿಗೆ ಮುಗಿಯಿತು.

'ಏಳು ಘಟ್ಟಗಳ ಸವಾರ'ದ ಆರೂ ಪುಸ್ತಕಗಳನ್ನು ಓದಿದ್ದೇನೆ. ಹೆಸರಿನಲ್ಲಿ ಏಳು ಘಟ್ಟಗಳಿವೆ. ಆರು ಪುಸ್ತಕ ಮುಗಿದರೂ ನಿಮ್ಮ ಬೆಕ್ತೆಮಿರ್ ಮೊದಲನೇ ಘಟ್ಟವನ್ನೇ ದಾಟಿಲ್ಲ. ಒಂದನೇ ಪುಸ್ತಕದಲ್ಲಿ ಕುದುರೆ ಹತ್ತಿದ. ಎರಡನೆಯದರಲ್ಲಿ ಕುದುರೆ ಮಾತಾಡಲು ಕಲಿಯಿತು, ಆಮೇಲೆ ಮಾತು ನಿಲ್ಲಿಸಲೇ ಇಲ್ಲ. ನಾಲ್ಕನೆಯದರಲ್ಲಿ ಏಳು ತಲೆಯ ಮುದುಕಿ ಬಂದಳು, ಒಂದೊಂದು ತಲೆಯೂ ತನ್ನ ತವರಿನ ಕತೆ ಹೇಳಿತು. ಆರನೆಯದರಲ್ಲಿ ಜೀನಿನ ಪಟ್ಟಿ ಬಿಗಿಯಲು ಒಂದು ಅಧ್ಯಾಯ ಹಿಡಿಯಿತು. ಒಂದು ಪಟ್ಟಿಗೆ! ನಾನು ಕುದುರೆಗಳ ನಡುವೆ ಬೆಳೆದವಳು. ಬಿಗಿಯುವುದಕ್ಕೆ ಒಂದು ಉಸಿರು ಸಾಕು.

ನನ್ನ ಅಪ್ಪನ ಕಣ್ಣಿಗೆ ಪೊರೆ ಬಂದಿದೆ. ಸಂಜೆ ಹೊತ್ತು ನಾನೇ ಅವನಿಗೆ ಓದಿ ಹೇಳುತ್ತೇನೆ. ಹಗಲಿಡೀ ಘಟ್ಟದ ಬುಡದ ಚಹಾದಂಗಡಿಯಲ್ಲಿ ಚೀನಾ ಲಾರಿಗಳ ಚಾಲಕರಿಗೆ ಲೋಟ ತೊಳೆದು ಬಂದು, ನಿಮ್ಮ ಕುದುರೆಯ ಭಾಷಣ ಓದುತ್ತೇನೆ. ಅಪ್ಪ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಕೇಳುವುದು ಒಂದೇ. ಬೆಕ್ತೆಮಿರ್ ದಾಟುತ್ತಾನೋ, ಸಾಯುತ್ತಾನೋ? ಯಾವುದಾದರೂ ಸರಿ, ಈ ವರ್ಷ ಹಿಮ ಬೀಳುವುದಕ್ಕೆ ಮುಂಚೆ ಬರೆದುಬಿಡಿ. ನಮ್ಮ ಮನೆಗೆ ಅದರಿಂದ ಆಗಬೇಕಾದ ಕೆಲಸವಿದೆ.

ಪೆರಿಜಾತ್, ಜೋಲ್ದೋಶನ ಮಗಳು


ಬಾಲಿಕ್ಚಿ, 20 ಮಾರ್ಚ್ 2014

ಮಗಳೇ ಪೆರಿಜಾತ್,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಗು ಬಂತು. ಇಲ್ಲಿನ ಸಂತೆಯಲ್ಲಿ ನನ್ನ ಪುಸ್ತಕ ಮಾರುವ ಹೆಂಗಸು ನಿನಗಿಂತ ಒರಟು. "ಅಗಾಯ್, ಇವನು ಆ ಕಡೆ ಹೋಗೋ ಹೊತ್ತಿಗೆ ಕೊಳ್ಳೋರೆಲ್ಲ ಸತ್ತಿರ್ತಾರೆ" ಎಂದು ಎಲ್ಲರೆದುರೇ ಹೇಳುತ್ತಾಳೆ. ನಾನು ಅವಳಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ: ಕುದುರೆಯನ್ನು ಏರುದಾರಿಯಲ್ಲಿ ಓಡಿಸುವವನು ಇಳಿದಾರಿಯಲ್ಲಿ ನಡೆದು ಬರುತ್ತಾನೆ.

ನಿನ್ನ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಗುಳವಲ್ಲ, ನಿನ್ನ ಅಪ್ಪನ ನಗು. ಕಣ್ಣು ಕಾಣದವನೊಬ್ಬ ಸಂಜೆಗಾಗಿ ಕಾದು ಕೂತು ನನ್ನ ಕುದುರೆಯ ಮಾತಿಗೆ ನಗುತ್ತಾನೆ! ಅಚ್ಚಿನ ಮನೆಯವರು ಏಳನೇ ಪುಸ್ತಕವನ್ನು ಚಿಕ್ಕದು ಮಾಡಿ ಎಂದಿದ್ದರು. ಈಗ ಮಾಡುವುದಿಲ್ಲ. ನಿನ್ನ ಅಪ್ಪನಿಗಾಗಿ ದೊಡ್ಡದು ಮಾಡುತ್ತೇನೆ. ಮೊದಲ ಪುಟದಲ್ಲಿ ಅವನ ಹೆಸರು ಹಾಕುತ್ತೇನೆ. ಪೂರ್ತಿ ಹೆಸರು ಬರೆದು ಕಳಿಸು.

ಶಾಲೆ ಯಾಕೆ ಬಿಟ್ಟೆ? ಬರೆಯಲು ನಿನಗೆ ಬರುತ್ತದೆ.

ಓಮುರ್ಕಾನ್


ಅಟ್-ಬಾಶಿ, 6 ಏಪ್ರಿಲ್ 2014

ಅಗಾಯ್,

ಬೇಡ. ಅಪ್ಪನ ಹೆಸರು ಹಾಕಬೇಡಿ, ಪುಸ್ತಕ ದೊಡ್ಡದು ಮಾಡಬೇಡಿ. ನಾನು ಒಂದು ಕೇಳಿದರೆ ನೀವು ಅದರ ತಿರುಗುಮುರುಗು ಕೊಡುತ್ತಿದ್ದೀರಿ.

ಶಾಲೆ ಬಿಟ್ಟದ್ದು ಹೀಗೆ. ತಪಾಸಣೆಗೆ ಜಿಲ್ಲೆಯಿಂದ ಜನ ಬಂದ ದಿನ ಮೇಷ್ಟ್ರು ನಮ್ಮೆಲ್ಲರ ಕೈಗೆ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು. ಬಂದವರು ನನ್ನನ್ನು ಎಬ್ಬಿಸಿ ಕೇಳಿದರು. "ಗೊತ್ತಿಲ್ಲ, ಇಲ್ಲಿ ಬರ್ಕೊಟ್ಟಿದಾರೆ, ಓದ್ಲಾ?" ಎಂದೆ. ಮರುದಿನದಿಂದ ಅಲ್ಲಿ ನನಗೆ ಜಾಗವಿರಲಿಲ್ಲ. ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಹೊಲಿಗೆ ಕೆಲಸ ಮಾಡಿದೆ. ಅಲ್ಲೂ ನಿಲ್ಲಲಾಗಲಿಲ್ಲ. ಒಂದೇ ಕಡೆ ಕೂತರೆ ನನ್ನ ಕಾಲು ಉರಿಯುತ್ತದೆ. ಕಳೆದ ಚಳಿಗಾಲದಿಂದ ಮಾತ್ರ ಊರು ಬಿಟ್ಟು ಕದಲಿಲ್ಲ, ಕದಲುವ ಹಾಗಿಲ್ಲ.

ನೀವು ಬರೆಯದಿದ್ದರೆ ನಾನೇ ಬರೆಯುತ್ತೇನೆ ಎಂದುಕೊಂಡೆ. ಹೋದ ವಾರ ಆರನೇ ಪುಸ್ತಕದ ಕೊನೆಯ ಹಾಳೆ ಮಗುಚಿ, ಇಲ್ಲದ ಅಧ್ಯಾಯವೊಂದನ್ನು ಓದತೊಡಗಿದೆ. ಹಿಮದ ಬಿರುಗಾಳಿ ಬಂತು, ಬೆಕ್ತೆಮಿರ್ ಕುದುರೆ ಏರಿ ಘಟ್ಟಕ್ಕೆ ನುಗ್ಗಿದ ಎಂದೆ. ಅಪ್ಪ ಕೈ ಎತ್ತಿದ.

"ನಿಲ್ಸು. ಇದು ಓಮುರ್ಕಾನಂದಲ್ಲ."

"ಅವ್ರದ್ದೇ ಅಪ್ಪ."

"ಏನೇ ಕಳ್ಳಿ, ಕುದುರೆಗೆ ನೀರು ಕುಡ್ಸಿದ್ನಾ?"

"ಇಲ್ಲ."

"ಅದ್ರ ಬೆನ್ನು ತಟ್ಟಿದ್ನಾ? ನಾಲ್ಕು ಗೊರಸನ್ನೂ ಎತ್ತಿ ನೋಡಿದ್ನಾ? ಓಮುರ್ಕಾನ್ ಆಗಿದ್ರೆ ಒಂದೊಂದು ಗೊರಸಿಗೂ ಒಂದೊಂದು ಸಂಜೆ ಹಿಡೀತಿತ್ತು. ನೀನು ಬರ್ದಿರೋದು ಇದು. ನಂಗೆ ಅವ್ನನ್ನೇ ಓದು."

ಸುಳ್ಳು ಹೇಳಿ ಸಿಕ್ಕಿಬಿದ್ದದ್ದು ಅದೇ ಮೊದಲ ಸಲ. ಹೇಳಿದ್ದೂ ಅದೇ ಮೊದಲು ಎಂದು ಬರೆಯೋಣವೆಂದಿದ್ದೆ. ಆದರೆ ಅದು ನಿಜವಲ್ಲ. ಬೇರೊಂದು ಸುಳ್ಳು ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದೆ. ನಿಮ್ಮ ಪುಸ್ತಕ ಅದಕ್ಕೆ ಊರುಗೋಲು. ಮುಗಿಸಿ ಅಗಾಯ್.

ಪೆರಿಜಾತ್


ಬಾಲಿಕ್ಚಿ, 2 ಮೇ 2014

ಮಗಳೇ,

ನಿನ್ನ ಪತ್ರದ ಕೊನೆಯ ಸಾಲುಗಳು ನನಗೆ ಅರ್ಥವಾದವು ಎಂದುಕೊಂಡಿದ್ದೇನೆ. ಅಪ್ಪನ ಕಾಯಿಲೆ ಕಣ್ಣಿನದು ಮಾತ್ರವಲ್ಲ, ಅಲ್ಲವೇ? ಹೆಚ್ಚು ದಿನ ಉಳಿಯುವುದಿಲ್ಲ ಎಂದು ವೈದ್ಯರು ನಿನಗೆ ಹೇಳಿದ್ದಾರೆ, ನೀವು ಅವನಿಗೆ ಹೇಳಿಲ್ಲ. ಕತೆಯ ಕೊನೆ ಕೇಳಿಯೇ ಹೋಗಲಿ ಎಂಬುದು ನಿನ್ನ ಆಸೆ. ನನ್ನ ಹೆಂಡತಿಯ ಕೊನೆಯ ದಿನಗಳಲ್ಲಿ ನಾನೂ ಹೀಗೇ ಮುಚ್ಚಿಟ್ಟಿದ್ದೆ. ಮನಸ್ಸು ಗಟ್ಟಿ ಮಾಡಿಕೋ.

ಆದರೆ ನೀನು ಕೇಳುತ್ತಿರುವುದು ನನ್ನಿಂದ ಆಗದು. ಯಾಕೆಂದು ಯಾರಿಗೂ ಹೇಳಿಲ್ಲ, ಪುಸ್ತಕ ಮಾರುವವಳಿಗೂ ಹೇಳಿಲ್ಲ.

ನನ್ನ ತಾತ ಕತೆ ಹಾಡುವವನು. ಕೂತರೆ ಹಗಲು ಸಂಜೆಯಾಗುವವರೆಗೆ ಹಾಡುತ್ತಿದ್ದ. ಎಲ್ಲವನ್ನೂ ಹಾಡುತ್ತಿದ್ದ, ಕಥಾನಾಯಕನ ಸಾವೊಂದನ್ನು ಬಿಟ್ಟು. ಆ ಜಾಗ ಹತ್ತಿರ ಬಂದರೆ ನೀರು ಕುಡಿದು "ಇವತ್ತಿಗೆ ಸಾಕು" ಎಂದು ಎದ್ದುಬಿಡುತ್ತಿದ್ದ. ಒಮ್ಮೆ ಒಬ್ಬ ಸಿರಿವಂತ ಪಟ್ಟು ಹಿಡಿದ. "ಹಾಡದೆ ಹೋದ್ರೆ ನನ್ನ ಉಪ್ಪು ತಿಂದು ಓಡ್ದ ಅಂತ ಹೇಳ್ತೀನಿ" ಎಂದ. ತಾತ ಹಾಡಿದ. ಮರುದಿನ ಕುದುರೆ ಮೇಯಿಸಲು ಹೋಗಿದ್ದ ಆ ಸಿರಿವಂತನ ಮಗ ನದಿಯ ಮಂಜುಗಡ್ಡೆಯ ಕೆಳಗೆ ಸಿಕ್ಕಿದ. ಮೇಲಿನಿಂದ ಮುಖ ಕಾಣುತ್ತಿತ್ತಂತೆ. ತಾತ ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಆ ಸಾವು ಕತೆಯಲ್ಲೇ ನಿಲ್ಲಲ್ಲ ಮಗಾ. ಕೇಳ್ದೋರ ಮನೆಗೋ ಹೇಳ್ದೋನ ಮನೆಗೋ, ಎಲ್ಲಿಗಾದ್ರೂ ಒಂದು ಕಡೆ ಹೋಗಿ ಕೂರುತ್ತೆ."

ಬೆಕ್ತೆಮಿರ್ ಘಟ್ಟದಲ್ಲಿ ಸಾಯಬೇಕು. ಮೊದಲ ಪುಸ್ತಕ ಬರೆಯುವಾಗಲೇ ನನಗೆ ಅದು ಗೊತ್ತಿತ್ತು. ಅದಕ್ಕೇ ಪಟ್ಟಿ ಬಿಗಿಯುತ್ತಿದ್ದೇನೆ, ಗೊರಸು ನೋಡುತ್ತಿದ್ದೇನೆ. ನೀನು ನನ್ನನ್ನು ಸೋಮಾರಿ ಎಂದುಕೊಂಡೆ. ಸೋಮಾರಿಯಾಗಿದ್ದರೆ ಎಂದೋ ಮುಗಿಸಿರುತ್ತಿದ್ದೆ.

ಮತ್ತೆ ಕೇಳಬೇಡ.

ಓಮುರ್ಕಾನ್


ಅಟ್-ಬಾಶಿ, 19 ಮೇ 2014

ಅಗಾಯ್,

ನೀವು ತಪ್ಪು ತಿಳಿದಿದ್ದೀರಿ. ತಪ್ಪು ನನ್ನದು, ಅರ್ಧ ಹೇಳಿದೆ. ಅರ್ಧ ಹೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ. ಈಗ ಪೂರ್ತಿ ಹೇಳುತ್ತೇನೆ.

ಅಪ್ಪ ಸಾಯುತ್ತಿಲ್ಲ. ಸತ್ತದ್ದು ನನ್ನ ಅಣ್ಣ ಎರ್ಮೆಕ್.

ರಷ್ಯಾದ ಪೂರ್ವದ ತುದಿಯಲ್ಲಿ ಮೀನು ಹಿಡಿಯುವ ದೋಣಿಯಲ್ಲಿ ಕೆಲಸಕ್ಕಿದ್ದ. ನವೆಂಬರಿನಲ್ಲಿ ದೋಣಿ ಮುಳುಗಿತು. ನಾವು ಸಮುದ್ರವನ್ನೇ ಕಾಣದ ಜನ. ಮುಳುಗುವುದು ಎಂದರೆ ನಮಗೆ ನದಿ. ನದಿಯಾದರೆ ಹೆಣ ಎಲ್ಲಾದರೂ ದಡ ಹತ್ತುತ್ತದೆ. ಎರ್ಮೆಕ್ ಎಲ್ಲಿಯೂ ಹತ್ತಲಿಲ್ಲ. ಹೆಣವಿಲ್ಲ, ಗೋರಿಯಿಲ್ಲ, ಅಂಗಳದಲ್ಲಿ ಶೋಕದ ಗುಡಾರ ಏಳಲಿಲ್ಲ. ಹಾಗಾಗಿ ಮುಚ್ಚಿಡುವುದು ಸುಲಭವಾಯಿತು.

ಫೋನ್ ಬಂದದ್ದು ಮಾಂಬೆತ್ ದೊಡ್ಡಪ್ಪನಿಗೆ. ಅಪ್ಪನ ಎದೆ ಹಿಂದೊಮ್ಮೆ ಹಿಡಿದುಕೊಂಡಿತ್ತು. ದೊಡ್ಡಪ್ಪ ಹಿರಿಯರನ್ನೆಲ್ಲ ಸೇರಿಸಿದ. ಮಗನ ಸಾವನ್ನು ತಂದೆಗೆ ಕೇಳಿಸುವ ಕ್ರಮ ನಿಮಗೆ ಗೊತ್ತು: ಬೆಳಗಿನ ಹೊತ್ತು ಹಿರಿಯರು ಕೂಡಿ ಬಂದು, ಮಾತು ಸುತ್ತಿ ಸುತ್ತಿ, ಗಿಡುಗ ಹಾರಿಹೋದ ಕತೆ ಹೇಳಿ, ಕೊನೆಗೆ ಒಬ್ಬ ಮುದುಕ ಬಾಯಿ ಬಿಡಬೇಕು. ಆ ಬೆಳಗು ಬರಲೇ ಇಲ್ಲ. "ಚಳಿ ಕಳೀಲಿ" ಎಂದರು. ಆಮೇಲೆ "ಕುರಿ ಮರಿ ಹಾಕ್ಲಿ" ಎಂದರು.

"ನಾನು ಹೇಳ್ತೀನಿ" ಎಂದೆ.

"ಹೆಣ್ಣುಮಕ್ಳು ಹೇಳೋ ಸುದ್ದಿ ಅಲ್ಲ ಅದು" ಎಂದ ದೊಡ್ಡಪ್ಪ. "ನಿನ್ನ ನಾಲಿಗೆ ಸ್ಕೂಲಿನಲ್ಲಿ ಏನ್ ಮಾಡ್ತು ಅಂತ ನಂಗೊತ್ತು. ನಿನ್ನ ಬಾಯಿಂದ ಈ ಮಾತು ಬಂದು ಜೋಲ್ದೋಶ್ ಎದೆ ಒಡ್ಕೊಂಡ್ರೆ, ಅವನ ಗುಂಡಿ ನೀನೇ ತೋಡ್ಬೇಕು."

ಹೆದರಿದೆ. ಸುಮ್ಮನಾದೆ.

ಇದರಲ್ಲಿ ನಿಮ್ಮ ಪುಸ್ತಕ ಎಲ್ಲಿ ಬಂತು ಎಂದರೆ, ಮೊದಲನೇ ಪುಸ್ತಕವನ್ನು ಮನೆಗೆ ತಂದವನೇ ಎರ್ಮೆಕ್. ಹೊರಡುವ ದಿನ ಅಪ್ಪನ ಕೈ ಹಿಡಿದು, "ಅಪ್ಪಾ, ಇವ್ನು ಘಟ್ಟ ದಾಟೋ ಹೊತ್ತಿಗೆ ನಾನೂ ನಮ್ಮ ಘಟ್ಟ ದಾಟಿ ಬಂದಿರ್ತೀನಿ, ನೋಡ್ತಿರು" ಎಂದ. ತಮಾಷೆಗೆ ಹೇಳಿದ್ದು. ಅಪ್ಪ ಅದನ್ನು ಎದೆಗೆ ಕಟ್ಟಿಕೊಂಡ. ಎರ್ಮೆಕ್ ಫೋನ್ ಮಾಡಲಿಲ್ಲ ಯಾಕೆ ಎಂದು ಅವನು ಕೇಳುವುದೇ ಇಲ್ಲ. "ಬೆಕ್ತೆಮಿರ್ ಇನ್ನೂ ಈಚೆ ಕಡೆನೇ ಇದಾನಲ್ಲ" ಎನ್ನುತ್ತಾನೆ. ಊರಿಗೆಲ್ಲ ನಿಮ್ಮ ನಿಧಾನದಿಂದ ಸಂತೋಷ. ದಾರಿಯಲ್ಲಿ ಸಿಕ್ಕವರು "ಏಳನೇದು ಬಂತಾ? ಎಷ್ಟು ದಪ್ಪ ಇದೆ?" ಎಂದು ಕೇಳುತ್ತಾರೆ. ನಿಮ್ಮ ಪುಸ್ತಕವನ್ನು ಅವರು ಓದಿಲ್ಲ, ದಪ್ಪ ಮಾತ್ರ ಅವರಿಗೆ ಬೇಕು. ಓದುವವಳು ನಾನು. ಒಂದೊಂದು ಪುಟವೂ ನನ್ನ ಬಾಯಿಂದ ಹೊರಡುವ ಸುಳ್ಳು.

ನಿಮ್ಮ ತಾತ ಹೇಳಿದ್ದು ನಿಜವಿರಬಹುದು. ಆದರೆ ನಮ್ಮ ಮನೆಗೆ ನೀವು ಹೆದರಬೇಕಾಗಿಲ್ಲ ಅಗಾಯ್. ಸಾವು ಮೊದಲೇ ಬಂದು ಕೂತಿದೆ. ಕತೆ ಮಾತ್ರ ಬಾಕಿ. ಬೆಕ್ತೆಮಿರನ ಸಾವು ಬರೆಯಿರಿ, ಅಪ್ಪನಿಗೆ ಕೇಳಿಸುವ ಹಾಗೆ ಬರೆಯಿರಿ. ಹಿರಿಯರು ಬಾಯಿ ಬಿಡುತ್ತಿಲ್ಲ. ನೀವೂ ಹಿರಿಯರೇ.

ಪೆರಿಜಾತ್


ಬಾಲಿಕ್ಚಿ, 30 ಜುಲೈ 2014

ಮಗಳೇ,

ತಡವಾಯಿತು. ತಡವಾದ ಕಾರಣವನ್ನು ಓದಿದರೆ ನೀನು ಪತ್ರ ಹರಿಯುತ್ತೀಯೆ. ಆದರೂ ನಿನಗೆ ಅರ್ಧ ಬರೆಯಲು ಕೈ ಬರುವುದಿಲ್ಲ.

ನಿನ್ನ ಪತ್ರ ಓದಿ ನಾನು ನಿಜವಾಗಿಯೂ ಬರೆಯಲು ಕೂತಿದ್ದೆ. ಆಗ ಮಾಂಬೆತ್ ಬಂದ. ನೀನು ನನಗೆ ಪತ್ರ ಬರೆಯುತ್ತಿರುವುದು ಚಹಾದಂಗಡಿಯಲ್ಲಿ ಯಾರಿಗೋ ಗೊತ್ತಾಗಿ, ಅವನ ಕಿವಿಗೆ ಬಿದ್ದಿದೆ. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕುರಿಯನ್ನು ಮನುಷ್ಯನಂತೆ ಕೂರಿಸಿಕೊಂಡು ಬಂದಿದ್ದ.

"ಅಗಾಯ್, ಜನ ನಿಮ್ಮನ್ನ ನಿಧಾನ ಅಂತ ಬೈತಾರಂತೆ. ಬೈಲಿ ಬಿಡಿ, ಅವ್ರಿಗೇನ್ ಗೊತ್ತು" ಎಂದ. "ನನ್ನ ತಮ್ಮನ ಎದೆ ಗಾಜಿನ ಲೋಟ. ನಿಮ್ಮ ಪುಸ್ತಕ ಅದರ ಕೆಳಗಿನ ಹಾಸಿಗೆ. ಎಳೀಬೇಡಿ. ಇನ್ನೆರಡು ವರ್ಷ ಎಳೆದಾಡಿ ಅಂತ ಬೇಡ್ಕೊಳಕ್ಕೆ ಬಂದೆ."

"ಒಮ್ಮೆ ಎಳೀಬೇಡಿ ಅಂತೀರಿ, ಒಮ್ಮೆ ಎಳೆದಾಡಿ ಅಂತೀರಿ" ಎಂದೆ.

"ನೀವು ಬರೆಯೋರು, ನಿಮಗೆ ಗೊತ್ತಾಗುತ್ತೆ" ಎಂದ.

ನನ್ನ ಪುಸ್ತಕ ಉದ್ದವಿರಲಿ ಎಂದು ಕೈಮುಗಿದ ಮೊದಲ ಮನುಷ್ಯ ಅವನು. ಅತಿಥಿ ತಂದ ಕುರಿಯನ್ನು ವಾಪಸು ಕಳಿಸುವಂತಿಲ್ಲ. ಕೊಯ್ದೆವು. ನೆರೆಹೊರೆಯವರನ್ನು ಕರೆದೆವು. ಮಾಂಸ ಗಂಟಲಲ್ಲಿ ಇಳಿಯಿತು, ನಿನ್ನ ಪತ್ರ ಮೇಜಿನ ಮೇಲೇ ಇತ್ತು. ಹೆದರಿದವನಿಗೆ ನೆಪ ಸಿಕ್ಕರೆ ಅಪ್ಪಿಕೊಳ್ಳುತ್ತಾನೆ. ನಾನು ಅಪ್ಪಿಕೊಂಡೆ.

ಏಳನೇ ಪುಸ್ತಕ ಅಚ್ಚಾಗಿದೆ. ಹಿಂದಿನ ಎಲ್ಲಕ್ಕಿಂತ ದಪ್ಪ. ಬೆಕ್ತೆಮಿರ್ ಘಟ್ಟದ ಬುಡದಲ್ಲಿದ್ದಾನೆ. ಹಾಳೆ ತುಂಬಿಸಲು ಹೊಸದಾಗಿ ಅವನಿಗೊಬ್ಬ ತಂದೆಯನ್ನು ತಂದಿದ್ದೇನೆ. ಒಂದು ಪ್ರತಿ ಈ ಪತ್ರದ ಜೊತೆಗಿದೆ.

ಬೈದು ಬರಿ. ಬೈಗುಳಕ್ಕಾಗಿ ಕಾಯುತ್ತಿರುತ್ತೇನೆ.

ಓಮುರ್ಕಾನ್


ಘಟ್ಟದ ಬುಡದ ಚಹಾದಂಗಡಿ, 24 ಆಗಸ್ಟ್ 2014

ಅಗಾಯ್,

ಬೈಯಲು ಪುರುಸೊತ್ತಿಲ್ಲ. ಕೇಳಿ.

ನೀವು ಹಾಳೆ ತುಂಬಿಸಲು ತಂದ ಆ ತಂದೆ, ಮುದುಕ, ಮಗನಿಗಾಗಿ ಕಾದು ಬೇಸತ್ತು, ಎರಡು ಕುದುರೆಗಳಿಗೆ ಜೀನು ಹಾಕಿ, ಒಂದನ್ನು ಏರಿ ಒಂದನ್ನು ಹಿಡಿದುಕೊಂಡು ಮೊದಲ ಹಿಮಕ್ಕೆ ಘಟ್ಟದ ಕಡೆ ಹೊರಡುತ್ತಾನೆ. 'ಬರುವ ಮಗ ನಡೆದು ಬರಬಾರದು' ಎಂದು ನೀವು ಬರೆದಿದ್ದೀರಿ. ಆ ಅಧ್ಯಾಯ ಮುಗಿದಾಗ ಅಪ್ಪ ನಗಲಿಲ್ಲ.

"ಇನ್ನೊಂದ್ಸಲ ಓದು" ಎಂದ.

ಓದಿದೆ.

"ಎರ್ಮೆಕ್‌ನ ಬೂದು ಕುದುರೆ ಹೇಗಿದೆ?"

"ಕೊಬ್ಬಿದೆ. ಯಾರೂ ಹತ್ತಲ್ವಲ್ಲ."

"ಅದನ್ನ ಹುಲ್ಲುಗಾವಲಿಂದ ಹೊಡ್ಕೊಂಡು ಬಾ."

ಮರುದಿನ ಲಾಳ ಕಟ್ಟುವವನನ್ನು ಕರೆಸಿದ. ಎರಡೂ ಕುದುರೆಗಳಿಗೆ ಚಳಿಗಾಲದ ಲಾಳ, ಮಂಜುಗಡ್ಡೆಯಲ್ಲಿ ಜಾರದ ಮೊಳೆಯ ಲಾಳ. ಆಗಸ್ಟ್ ತಿಂಗಳಲ್ಲಿ! ಲಾಳ ಕಟ್ಟುವವನಿಗೂ ಗೊತ್ತು ಎರ್ಮೆಕ್ ಇಲ್ಲವೆಂದು. "ಎಲ್ಲಿಗೆ ಜೋಲ್ದೋಶ್ ಅಣ್ಣಾ?" ಎಂದು ಕೇಳಿದ, ನನ್ನ ಮುಖ ನೋಡದೆ.

"ಮಗನ್ನ ಕರ್ಕೊಂಡು ಬರೋಕೆ" ಎಂದ ಅಪ್ಪ. "ಮೊದ್ಲ ಹಿಮ ಬಿದ್ದ ದಿನ ಹೊರಡ್ತೀನಿ. ಘಟ್ಟದ ತಲೆ ಮೇಲೆ ಕಾಯ್ತೀನಿ."

ಲಾಳದವನು ಸುತ್ತಿಗೆ ಬೀಳಿಸಿಕೊಂಡ. ಬಾಯಿ ಮಾತ್ರ ಬಿಡಲಿಲ್ಲ.

ಅಪ್ಪನಿಗೆ ಕಾಣುವುದು ಬೆಳಕು, ನೆರಳು ಅಷ್ಟೇ. ಘಟ್ಟದ ಮೇಲೆ ಮೊದಲ ಹಿಮ ಎಂದರೆ ಏನೆಂದು ಈ ಅಂಗಡಿಯಲ್ಲಿ ಕೂತವಳಿಗೆ ಗೊತ್ತು. ಪ್ರತಿ ವರ್ಷ ಕಣ್ಣಿರುವವರನ್ನೇ ಇಳಿಸಿಕೊಂಡು ಬರುತ್ತಾರೆ, ಲಾರಿಯಲ್ಲಿ, ಕಂಬಳಿ ಮುಚ್ಚಿ. ದೊಡ್ಡಪ್ಪನಿಗೆ ಹೇಳಿದೆ. "ಕುದುರೆ ಬಚ್ಚಿಡೋಣ" ಎಂದ. ಒಂದು ಸುಳ್ಳಿಗೆ ಇನ್ನೊಂದು ಕುದುರೆ. ಬಚ್ಚಿಟ್ಟರೆ ನಡೆದು ಹೋಗುತ್ತಾನೆ, ನನ್ನ ಅಪ್ಪ ನನಗೆ ಗೊತ್ತು.

ನೀವು ಅವನನ್ನು ಹೊರಡಿಸಿದ್ದೀರಿ. ನೀವೇ ತಡೆಯಬೇಕು. ಈಗಾಗಲೇ ಬೆಟ್ಟದ ನೆತ್ತಿ ಬೆಳಗಿನ ಹೊತ್ತು ಬಿಳಿಯಾಗುತ್ತಿದೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಬಾಲಿಕ್ಚಿಗೆ ಹೋಗುವ ಲಾರಿಯವನ ಕೈಗೆ ಕೊಡುತ್ತಿದ್ದೇನೆ. ಅವನು ಕಾಯುತ್ತಿದ್ದಾನೆ.

ಪೆರಿಜಾತ್


ಬಾಲಿಕ್ಚಿ, 3 ಸೆಪ್ಟೆಂಬರ್ 2014

ಮಗಳೇ,

ಬರೆದೆ. ಜೊತೆಗಿರುವ ಹಾಳೆಗಳು ಅವೇ. ಪ್ರತಿ ಮಾಡಿಲ್ಲ, ಅಚ್ಚಿಗೂ ಕೊಟ್ಟಿಲ್ಲ. ಲೋಕದಲ್ಲಿ ಬೆಕ್ತೆಮಿರ್ ಸತ್ತಿರುವುದು ಈ ಹಾಳೆಗಳಲ್ಲಿ ಮಾತ್ರ.

ಸುತ್ತಿ ಬಳಸಿಲ್ಲ. ಕುದುರೆಗೆ ನೀರು ಕುಡಿಸುತ್ತಾನೆ, ಘಟ್ಟ ಏರುತ್ತಾನೆ, ಹಿಮ ಬರುತ್ತದೆ. ಕುದುರೆ ಒಂದೇ ಇಳಿದು ಬರುತ್ತದೆ. ಅದು ಮಾತಾಡುವ ಕುದುರೆ, ಆದರೂ ತಂದೆಯ ಮುಂದೆ ನಿಂತಾಗ ಅದರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.

ಒಬ್ಬಳೇ ಓದಬೇಡ. ಮಾಂಬೆತ್‌ನನ್ನು ಕರೆ, ಹಿರಿಯರನ್ನು ಕರೆ, ಅವರು ಬಾಗಿಲಲ್ಲಿ ನಿಂತಿರಲಿ. ಬೆಳಗಿನ ಹೊತ್ತು ಓದು. ಎದೆಯ ಮಾತ್ರೆ ಕೈಗೆ ಸಿಗುವ ಕಡೆ ಇರಲಿ.

ಬರೆಯುವ ಮೊದಲು ಒಂದು ಕುರಿ ಕೊಯ್ದು ಹಂಚಿದೆ, ತಾತ ಹೇಳಿಕೊಟ್ಟ ಮಾತುಗಳನ್ನು ಹೇಳಿಕೊಂಡೆ. ಅದು ಸಾಕಾಗುತ್ತದೋ ಇಲ್ಲವೋ ತಿಳಿಯದು. 'ನಮ್ಮ ಮನೆಯಲ್ಲಿ ಸಾವು ಮೊದಲೇ ಬಂದು ಕೂತಿದೆ' ಎಂದು ನೀನು ಬರೆದೆ. ಹಾಗಾದರೆ ಇನ್ನು ಉಳಿದದ್ದು ಹೇಳಿದವನ ಮನೆ. ಇಲ್ಲಿ ಮಕ್ಕಳಿಲ್ಲ, ನಾನೊಬ್ಬನೇ ಇದ್ದೇನೆ. ಯಾರ ಮಗನನ್ನೂ ಒತ್ತೆ ಇಟ್ಟಿಲ್ಲ ಎಂಬ ಸಮಾಧಾನವಿದೆ.

ನಿನ್ನೆಯಿಂದ ಕೈ ಸ್ವಲ್ಪ ನಡುಗುತ್ತಿದೆ. ಅಕ್ಷರ ಓದಲು ಕಷ್ಟವಾದರೆ ನಿಧಾನವಾಗಿ ಓದು. ನಿನಗೆ ನಿಧಾನ ಎಂದರೆ ಆಗದು, ಗೊತ್ತು.

ಓದಿ ಏನಾಯಿತೆಂದು ಬರಿ.

ಓಮುರ್ಕಾನ್


ಅಟ್-ಬಾಶಿ, 21 ಸೆಪ್ಟೆಂಬರ್ 2014

ಅಗಾಯ್,

ಹಾಳೆಗಳು ತಲುಪಿದವು. ದೊಡ್ಡಪ್ಪನನ್ನು ಕರೆದೆ, ಬರಲಿಲ್ಲ. "ಕುರಿ ತಿಂದು ಹೀಗೆ ಮಾಡ್ದ್ನಾ ಅವ್ನು!" ಎಂದ. ಹಿರಿಯರ ಮನೆಗಳಿಗೆ ಹೋದೆ. ಒಬ್ಬನಿಗೆ ಮೊಣಕಾಲು ನೋವು, ಇನ್ನೊಬ್ಬನಿಗೆ ಹುಲ್ಲು ಕೊಯ್ಲು. ಅಷ್ಟರಲ್ಲಿ ಹಿಮ ಬಿತ್ತು. ಬೆಳಿಗ್ಗೆ ಎದ್ದರೆ ಅಂಗಳ ಬಿಳಿ, ಅಪ್ಪ ಆಗಲೇ ದಪ್ಪ ಅಂಗಿ ತೊಟ್ಟು ಸೊಂಟ ಬಿಗಿಯುತ್ತಿದ್ದ.

"ಅಪ್ಪಾ, ಒಂದು ಅಧ್ಯಾಯ ಬಂದಿದೆ. ಕೇಳಿಸ್ಕೊಂಡು ಹೋಗು."

ಕೂತ. ಓದಿದೆ. ಚೆನ್ನಾಗಿ ಬರೆದಿದ್ದೀರಿ ಅಗಾಯ್. ಇಷ್ಟು ವರ್ಷ ನೀವು ಹೀಗೆ ಬರೆಯಬಹುದಿತ್ತು. ಕುದುರೆ ತಂದೆಯ ಮುಂದೆ ಬಾಯಿ ಕಟ್ಟಿ ನಿಂತ ಜಾಗಕ್ಕೆ ಬಂದೆ. ಅಪ್ಪ ಎದ್ದ.

"ಪುಸ್ತಕ ಕೊಡಿಲ್ಲಿ."

ಕೊಟ್ಟೆ. ಬೆರಳಿಂದ ಸವರಿದ.

"ಇದು ಪುಸ್ತಕ ಅಲ್ಲ, ಬಿಡಿ ಹಾಳೆ. ಮತ್ತೆ ನೀನೇ ಬರ್ದಿದೀಯ. ನಾನು ಹೋಗ್ಬಾರ್ದು ಅಂತ ಬರ್ದಿದೀಯ."

"ಅವ್ರೇ ಕೈಯಾರೆ ಬರ್ದು ಕಳ್ಸಿದಾರೆ ಅಪ್ಪಾ."

"ಒಂದ್ಸಲ ಸುಳ್ಳು ಓದ್ದೋಳು ನೀನು. ದಾರಿ ಬಿಡು."

ಇಲ್ಲದ ಅಧ್ಯಾಯ ಓದಿದ ನನ್ನ ಆ ಒಂದು ಸುಳ್ಳು ನಿಮ್ಮ ಅಧ್ಯಾಯವನ್ನು ಕೊಂದಿತು. ಅವನ ಕೈ ಬಾಗಿಲಿನ ಮೇಲಿತ್ತು. ಹಿರಿಯರಿಲ್ಲ, ಗಿಡುಗದ ಕತೆಯಿಲ್ಲ. ನಾನು ಹೇಳಿಬಿಟ್ಟೆ.

"ಅಪ್ಪಾ, ಎರ್ಮೆಕ್ ಸತ್ತೋದ. ದೋಣಿ ಮುಳುಗ್ತು. ಹೆಣ ಸಿಕ್ಲಿಲ್ಲ."

ಅವನು ತಿರುಗಲಿಲ್ಲ. ಮಾತ್ರೆ ಹಿಡಿದುಕೊಂಡು ಹತ್ತಿರ ಹೋದೆ, ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

"ಯಾವಾಗ?"

"ಹೋದ ನವೆಂಬರ್."

"ಮಾಂಬೆತ್‌ಗೆ ಗೊತ್ತಾ?"

"ಗೊತ್ತು."

"ಲಾಳ ಕಟ್ಟೋನಿಗೆ?"

"ಗೊತ್ತು."

"ಊರಿಗೆಲ್ಲ?"

"ಊರಿಗೆಲ್ಲ ಗೊತ್ತು ಅಪ್ಪಾ."

"ನಾನು ಆ ಮಾತಾಡೋ ಕುದುರೆ ಕೇಳಿ ನಗ್ತಿದ್ದೆ" ಎಂದ. "ನೀನು ಓದ್ತಿದ್ದೆ."

 

ಹೊರಗೆ ಹೋಗಿ ತನ್ನ ಕುದುರೆ ಏರಿದ, ಬೂದು ಕುದುರೆಯ ಹಗ್ಗ ಹಿಡಿದ, ಘಟ್ಟದ ದಾರಿ ಹಿಡಿದ. ನಾನು ಹಿಂದೆ ಓಡಿದೆ, ಕೂಗಿದೆ. ಸಾಯಲಿಕ್ಕೇ ಹೋಗುತ್ತಿದ್ದಾನೆ ಎಂದುಕೊಂಡೆ. ಹಿಮ ಜೋರಾಯಿತು, ಎರಡು ಕುದುರೆಗಳೂ ಬಿಳಿಯಲ್ಲಿ ಕರಗಿದವು. ಚಹಾದಂಗಡಿಯ ಹತ್ತಿರ ಲಾರಿ ಹತ್ತೋಣವೆಂದು ಓಡುತ್ತಿದ್ದಾಗ, ಎದುರಿನಿಂದ ಗೊರಸಿನ ಸದ್ದು ಬಂತು. ಆಮೇಲೆ ಅವನ ದನಿ.

"ಓ ನನ್ನ ಮಗನೇ! ಓ ನನ್ನ ಎರ್ಮೆಕ್!"

ಅವನು ಘಟ್ಟದ ಬುಡ ಮುಟ್ಟಿ, ಕುದುರೆ ತಿರುಗಿಸಿ, ಊರಿನ ಕಡೆಗೆ ಓಡಿಸಿಕೊಂಡು ಬರುತ್ತಿದ್ದ. ಸಾವಿನ ಮನೆಗೆ ನಮ್ಮ ಗಂಡಸರು ಬರುವುದೇ ಹಾಗೆ, ದೂರದಿಂದಲೇ ಕುದುರೆ ಓಡಿಸುತ್ತಾ, ಸತ್ತವನನ್ನು ಕೂಗಿ ಅಳುತ್ತಾ. ಆದರೆ ತನ್ನ ಸ್ವಂತ ಮನೆಗೆ ಯಾರೂ ಹಾಗೆ ಬಂದದ್ದನ್ನು ನಾನು ಕಂಡಿಲ್ಲ. ಬೂದು ಕುದುರೆ ಖಾಲಿ ಜೀನಿನೊಂದಿಗೆ ಪಕ್ಕದಲ್ಲಿ ಓಡುತ್ತಿತ್ತು. ಅಪ್ಪ ನನ್ನನ್ನು ದಾಟಿ ಹೋದ. ಕಣ್ಣು ಕಾಣದವನು, ಒಂದು ತಿರುವೂ ತಪ್ಪಲಿಲ್ಲ.

ಊರಿನ ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಯಾರ ಮನೆಯ ಮುಂದೆಯೂ ಅವನು ನಿಲ್ಲಲಿಲ್ಲ, ಎಲ್ಲರ ಮನೆಯ ಮುಂದೆಯೂ ಕೂಗಿದ. ಅವನಿಗೆ ಹೇಳಬೇಕಾಗಿದ್ದ ಊರಿಗೆ ಅವನೇ ಸುದ್ದಿ ತಂದ. ಲಾಳದವನು ಟೋಪಿ ತೆಗೆದು ಅಲ್ಲೇ ಕುಸಿದು ಕೂತ. ದೊಡ್ಡಪ್ಪ ಕೋಲೂರಿ ನಮ್ಮ ಅಂಗಳಕ್ಕೆ ಬಂದು, ಸೊಂಟ ಬಗ್ಗಿಸಿ ನಿಂತು, ಸತ್ತವನ ಹತ್ತಿರದವರು ಬಂದವರನ್ನು ಎದುರುಗೊಳ್ಳುವ ಹಾಗೆ ಎದುರುಗೊಂಡ. ಅವನ ಗಡ್ಡ ಒದ್ದೆಯಾಗಿತ್ತು. ಅಪ್ಪ ಇಳಿದು ಅವನನ್ನು ತಬ್ಬಿದ. ಹೊಡೆಯುತ್ತಾನೆ ಎಂದುಕೊಂಡಿದ್ದೆ.

ಗುಡಾರ ಎದ್ದಿದೆ. ಹೆಂಗಸರು ಒಳಗೆ ಹಾಡಿ ಅಳುತ್ತಿದ್ದಾರೆ. ಅಪ್ಪನ ಎದೆ ಒಡೆಯಲಿಲ್ಲ. ನನ್ನ ಜೊತೆ ಅವನು ಮೂರು ದಿನ ಮಾತಾಡಲಿಲ್ಲ. ನಿನ್ನೆ ಕರೆದು, "ಓಮುರ್ಕಾನ್‌ಗೆ ಬರಿ" ಎಂದ. "ಆ ಹಾಳೆ ಅವ್ನದ್ದೇ ಅಂತ ಈಗ ಗೊತ್ತಾಯ್ತು. ಕುದುರೆ ಬಾಯಿ ಕಟ್ತಲ್ಲ, ಅದು ನಿನ್ನಂಥೋಳಿಗೆ ಹೊಳೆಯಲ್ಲ."

ಬರೆದಿದ್ದೇನೆ. ನಿಮ್ಮ ಕೈ ನಡುಕ ಹೇಗಿದೆ?

ಪೆರಿಜಾತ್


ಅಟ್-ಬಾಶಿ, 2 ನವೆಂಬರ್ 2014

ಓಮುರ್ಕಾನ್ ಅಗಾಯ್ ಅವರಿಗೆ, ಅಥವಾ ಈ ಲಕೋಟೆ ತೆರೆಯುವವರಿಗೆ,

ಸೆಪ್ಟೆಂಬರಿನ ನನ್ನ ಪತ್ರಕ್ಕೆ ಉತ್ತರ ಬಂದಿಲ್ಲ. ಅಕ್ಟೋಬರಿನಲ್ಲಿ ಇನ್ನೊಂದು ಬರೆದೆ, ಅದಕ್ಕೂ ಇಲ್ಲ. ಬಾಲಿಕ್ಚಿಗೆ ಹೋಗುವ ಲಾರಿಯವನನ್ನು ನಿಮ್ಮ ಬೀದಿಗೆ ಕಳಿಸಿದೆ. ವಾಪಸು ಬಂದವನು ಲೋಟದಲ್ಲಿ ಸಕ್ಕರೆ ಕಲಕುತ್ತಾ ಕೂತ, ಚಹಾ ಆರುವವರೆಗೂ ಕಲಕಿದ.

"ಅಗಾಯ್ ಊರಲ್ಲಿಲ್ವಂತೆ" ಎಂದ.

"ಎಲ್ಲಿಗ್ ಹೋಗಿದಾರೆ?"

"ಮಗಳ ಮನೆಗೆ ಅಂದ್ರು."

"ಅವ್ರಿಗೆ ಮಗಳಿಲ್ಲ. ಮಕ್ಳಿಲ್ಲ, ನಾನೊಬ್ನೇ ಇದ್ದೀನಿ ಅಂತ ಅವ್ರೇ ಬರ್ದಿದಾರೆ."

"ಹಾಗಾದ್ರೆ ನಂಗೊತ್ತಿಲ್ಲಮ್ಮ. ಪುಸ್ತಕ ಮಾರೋ ಹೆಂಗ್ಸು ಹೇಳಿದ್ದು. ಚಳಿ ಕಳೀಲಿ, ಆಮೇಲೆ ವಿಚಾರ್ಸು ಅಂದ್ಲು."

ಚಳಿ ಕಳೆಯಲಿ! ಈ ಮಾತನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆಂದು ನನಗೆ ಕಲಿಸಬೇಕಾಗಿಲ್ಲ. ಹತ್ತು ತಿಂಗಳು ನಾನೇ ಅದನ್ನು ಬಾಯಲ್ಲಿ ಇಟ್ಟುಕೊಂಡಿದ್ದೆ.

ನಾಡಿದ್ದು ಹೊರಡುತ್ತಿದ್ದೇನೆ, ಈ ಪತ್ರ ಲಾರಿಯಲ್ಲಿ ನನಗಿಂತ ಮೊದಲು ತಲುಪುತ್ತದೆ. ಅಪ್ಪ ಬೂದು ಕುದುರೆ ಕೊಟ್ಟಿದ್ದಾನೆ. ನಿಮ್ಮ ಬೀದಿಯ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಅಲ್ಲಿಂದ ನಡೆದು ಬಂದು ಬಾಗಿಲು ತಟ್ಟಬೇಕೋ, ಕುದುರೆ ಓಡಿಸಿಕೊಂಡು ನಿಮ್ಮ ಹೆಸರು ಕೂಗುತ್ತಾ ಬರಬೇಕೋ, ಯಾರಾದರೂ ಆಚೆ ಬಂದು ನೇರವಾಗಿ ಹೇಳಿ. ಹೆಣ್ಣುಮಕ್ಕಳು ಹಾಗೆ ಕೂಗುತ್ತಾ ಬರುವುದಿಲ್ಲ ಎಂದು ಗೊತ್ತು. ನಾನು ಬರುತ್ತೇನೆ.

ಪೆರಿಜಾತ್